ಗಣಕದ ಮೈಬಿಸಿ

ಮನೆಯಲ್ಲಿ ಮಗುವಿನ ಮೈ ಬಿಸಿಯಾಗಿದೆಯೆಂದು ಕಂಡರೆ ತಾಯಿ ಮೊದಲು ಅದರ ಹಣೆಯ ಮೇಲೆ ಕೈಯಿಟ್ಟು ನೋಡುತ್ತಾಳೆ. ಥರ್ಮಾಮೀಟರನ್ನು ಹುಡುಕುವುದು ಆಮೇಲಿನ ಕೆಲಸ. ಕೈಗೆ ತಿಳಿದದ್ದು ‘ಬಿಸಿ’ ಎಂಬಷ್ಟು ಮಾತ್ರ. ವೈದ್ಯರಿಗೆ ಹೇಳಬೇಕಾದರೆ ಅಂಕಿ ಬೇಕಾಗುತ್ತದೆ. ಈ ಹೊತ್ತು ನಾನು ತಮ್ಮ ಮುಂದೆ ಹೇಳಹೊರಟಿರುವುದೂ ಅಂಥದೊಂದು ಜ್ವರದ ಸಂಗತಿಯೇ. ಜ್ವರ ಬಂದದ್ದು ನನ್ನ ಮೇಜಿನ ಮೇಲಿರುವ ಗಣಕಯಂತ್ರಕ್ಕೆ. ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಗಣಕದ ಗೊಡವೆ ಏಕೆಂದು ಕೇಳುಗರು ಆಶ್ಚರ್ಯಪಡಬಹುದು. ಆ ಗೊಡವೆ ನನಗೆ ಬಂದದ್ದೂ ಕನ್ನಡದ ದಾರಿಯಿಂದಲೇ.

ಎಂ.ಎ. ಓದುತ್ತಿದ್ದ ಕಾಲದಲ್ಲಿ, 1982–83ರ ಸುಮಾರಿಗೆ, ಯಲಹಂಕದ ಸುತ್ತಿನ ಹಳ್ಳಿಗಳಲ್ಲಿ ತಿರುಗಾಡಿ ರಾಗಿ ಬೀಸುವ ಪದಗಳನ್ನೂ ಸೋಬಾನೆಗಳನ್ನೂ ನಾನು ಕ್ಯಾಸೆಟ್ಟುಗಳಲ್ಲಿ ತುಂಬಿಕೊಂಡಿದ್ದೆ. ಜಕ್ಕೂರು, ಅಳ್ಳಾಳಸಂದ್ರ, ಸಿಂಗನಾಯಕನಹಳ್ಳಿ, ರಾಜಾನುಕುಂಟೆ ಇವೆಲ್ಲ ಆಗ ಹೊಲಗದ್ದೆಗಳ ನಡುವಿನ ಊರುಗಳು. ಹಾಡಿದ ಮುದುಕಿಯರಲ್ಲಿ ಇಂದು ಒಬ್ಬರೂ ಉಳಿದಿಲ್ಲ. ಅವರು ಹೆಸರಿಸಿ ಹಾಡಿದ ಹೊಲಗಳು ಬಡಾವಣೆಗಳಾಗಿವೆ. ಉಳಿದಿರುವುದು ನನ್ನ ಕ್ಯಾಸೆಟ್ಟುಗಳ ಕಂದು ಸುರುಳಿ ಮಾತ್ರ. ಅದರ ಮೇಲಿನ ಲೇಪವೂ ಈಗ ಪುಡಿಯಾಗಿ ಉದುರತೊಡಗಿದೆ. ಒಂದೊಂದು ಸುರುಳಿಯನ್ನೂ ಇನ್ನೊಂದು ಸಲ, ಹೆಚ್ಚೆಂದರೆ ಎರಡು ಸಲ ತಿರುಗಿಸಬಹುದಷ್ಟೆ. ಆ ಧ್ವನಿಗಳನ್ನು ಗಣಕಕ್ಕೆ ಇಳಿಸಿಡುವ ಕೆಲಸವನ್ನು ನಾನು ನಿವೃತ್ತಿಯ ನಂತರ ಕೈಗೊಂಡೆ.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಒಂದು ಕ್ಯಾಸೆಟ್ಟು ಓಡುತ್ತಿತ್ತು. ಅದರ ಜೊತೆಯಲ್ಲೇ, ಹಿಂದಿನ ದಿನ ಇಳಿಸಿದ್ದ ಹಾಡುಗಳಲ್ಲಿನ ‘ಸುಯ್’ ಎಂಬ ಸದ್ದನ್ನು ತೆಗೆದುಹಾಕುವ ಇನ್ನೊಂದು ಕೆಲಸವನ್ನೂ ಗಣಕಕ್ಕೆ ವಹಿಸಿದ್ದೆ. ಮುಕ್ಕಾಲು ಗಂಟೆ ಕಳೆದಿರಬಹುದು. ಯಾವ ಮುನ್ಸೂಚನೆಯೂ ಇಲ್ಲದೆ ಪರದೆ ಕಪ್ಪಾಯಿತು. ಕ್ಯಾಸೆಟ್ಟು ಮಾತ್ರ ತನ್ನ ಪಾಡಿಗೆ ತಾನು ಹಾಡುತ್ತಲೇ ಇತ್ತು. ಅಷ್ಟು ಹೊತ್ತೂ ಇಳಿದಿದ್ದ ಧ್ವನಿ ಗಣಕದಲ್ಲಿ ಉಳಿಯಲಿಲ್ಲ. ಮರುದಿನ ಬೇರೊಂದು ಕೆಲಸದ ನಡುವೆ ಮತ್ತೆ ಹಾಗೆಯೇ ಆಯಿತು.

ದುರಸ್ತಿ ಮಾಡುವವರೊಬ್ಬರಿಗೆ ತೋರಿಸಿದೆ. “ಸಾರ್, ಇದು ಏಳೆಂಟು ವರ್ಷದ್ದು, ಬೋರ್ಡೇ ಹೋಗಿರುತ್ತೆ. ರಿಪೇರಿಗೆ ಹಾಕೋ ದುಡ್ಡಿಗೆ ಇನ್ನಷ್ಟು ಸೇರಿಸಿ ಹೊಸದೇ ತಗೊಂಬಿಡಿ,” ಎಂದರು. ಆ ಹಳೆಯ ಯಂತ್ರಕ್ಕೆ ಹಗುರವಾಗಿರಲೆಂದು ಲಿನಕ್ಸ್ ವ್ಯವಸ್ಥೆಯನ್ನು ಹಾಕಿಕೊಟ್ಟಿದ್ದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಅವನಿಗೆ ಫೋನು ಮಾಡಿದೆ. “ಸಾರ್, ಹೊಸದು ತಗೊಳ್ಳೋಕೆ ಮೊದಲು ಅದನ್ನೇ ಒಂದು ಮಾತು ಕೇಳಿಬಿಡಿ. ತಾನು ಎಷ್ಟು ಬಿಸಿಯಾಗಿದೀನಿ ಅಂತ ಅದೇ ಹೇಳುತ್ತೆ,” ಎಂದ. ಯಂತ್ರವನ್ನು ಕೇಳುವುದು ಹೇಗೆ, ಅದು ಕೊಟ್ಟ ಉತ್ತರವನ್ನು ಅರ್ಥಮಾಡಿಕೊಳ್ಳುವುದು ಹೇಗೆ ಎಂಬ ಎರಡು ಸಂಗತಿಗಳನ್ನೇ ನಾನು ಈಗ ವಿವರಿಸುತ್ತೇನೆ.

ಅದಕ್ಕೆ ಮೊದಲು ಗಣಕ ಬಿಸಿಯಾಗುವುದೇಕೆ ಎಂಬುದನ್ನು ನೋಡೋಣ. ಗಿರಣಿಯಿಂದ ತಂದ ರಾಗಿ ಹಿಟ್ಟು ಬೆಚ್ಚಗಿರುವುದನ್ನು ನಾವೆಲ್ಲರೂ ಬಲ್ಲೆವು. ಕಲ್ಲು ಮಾಡಿದ ಕೆಲಸದ ಒಂದು ಪಾಲು ಕಾವಾಗಿ ಹಿಟ್ಟಿನಲ್ಲಿ ಉಳಿದಿರುತ್ತದೆ. ಗಣಕದ ಲೆಕ್ಕವನ್ನೆಲ್ಲ ಮಾಡುವ ಪ್ರೊಸೆಸರ್ ಎಂಬ ಸಿಲಿಕಾನ್ ಬಿಲ್ಲೆಯಲ್ಲಿ ಒಂದು ಪಾಲಲ್ಲ, ಒಳಹೋದ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವಾಗಿ ಹೊರಬೀಳುತ್ತದೆ. ಉಗುರಿನಷ್ಟಗಲದ ಆ ಬಿಲ್ಲೆಯಲ್ಲಿ ಕೋಟ್ಯಂತರ ಟ್ರಾನ್ಸಿಸ್ಟರುಗಳಿದ್ದು, ಅವು ಸೆಕೆಂಡಿಗೆ ಇನ್ನೂರು ಮುನ್ನೂರು ಕೋಟಿ ಮಿಡಿತಗಳ ತಾಳಕ್ಕೆ ಕೆಲಸ ಮಾಡುತ್ತವೆ. ಒಂದು ಸಾವಿರ ವಾಟಿನ ಇಸ್ತ್ರಿಪೆಟ್ಟಿಗೆಯ ತಳ ಸುಮಾರು 200 ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಚದರ ಸೆಂಟಿಮೀಟರಿಗೆ ಬೀಳುವುದು 5 ವಾಟ್. ಮಡಿಲ ಗಣಕದ ಪ್ರೊಸೆಸರ್ ಬಳಸುವುದು 30 ವಾಟ್ ಇರಬಹುದು. ಆದರೆ ಅದರ ಅಗಲ ಒಂದೂವರೆ ಚದರ ಸೆಂಟಿಮೀಟರಿನಷ್ಟೇ ಆದ್ದರಿಂದ ಪಾಲಿಗೆ ಬರುವುದು 20 ವಾಟ್. ಶಾಖದ ಸಾಂದ್ರತೆಯ ಲೆಕ್ಕದಲ್ಲಿ ಇಸ್ತ್ರಿಪೆಟ್ಟಿಗೆಗಿಂತ ಅದು ನಾಲ್ಕು ಪಟ್ಟು ಹೆಚ್ಚು. ಈ ಕಾವನ್ನು ತಾಮ್ರದ ಕೊಳವೆಯೊಂದು ಹೊತ್ತು ಲೋಹದ ಜಾಲರಿಗೆ ಮುಟ್ಟಿಸುತ್ತದೆ. ಪುಟ್ಟ ಫ್ಯಾನೊಂದು ಅದನ್ನು ಹೊರಕ್ಕೆ ಊದುತ್ತದೆ. ಈ ಸಾಗಣೆ ಎಲ್ಲಿ ತಡೆದರೂ ಬಿಲ್ಲೆ ಕಾದುಹೋಗುತ್ತದೆ.

ವಿದ್ಯುನ್ಮಾನಕ್ಕೂ ಶಾಖಕ್ಕೂ ಇರುವ ಈ ಹಗೆತನ ಇಂದಿನದಲ್ಲ. ನಮ್ಮ ಉತ್ತರ ಬೆಂಗಳೂರಿನಲ್ಲೇ ಅದಕ್ಕೊಂದು ಚರಿತ್ರೆಯಿದೆ. ಯಶವಂತಪುರದಿಂದ ಮುಂದೆ ಜಾಲಹಳ್ಳಿಯಲ್ಲಿ 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಸ್ಥಾಪಿತವಾಯಿತು. ಅಲ್ಲಿ 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆ, 1962ರಲ್ಲಿ ಜರ್ಮೇನಿಯಂ ಅರೆವಾಹಕಗಳ ತಯಾರಿಕೆ ಮೊದಲಾದವು. 1964ರಿಂದ ಆಕಾಶವಾಣಿಗೆ ಬೇಕಾದ ಪ್ರೇಷಕಗಳನ್ನೂ, 1967ರಿಂದ ಸಿಲಿಕಾನ್ ಉಪಕರಣಗಳನ್ನೂ ಸಂಕಲಿತ ಮಂಡಲಗಳನ್ನೂ ಆ ಕಾರ್ಖಾನೆ ತಯಾರಿಸತೊಡಗಿತು. ಹಳೆಯ ರೇಡಿಯೋದ ಹಿಂಬದಿಯಲ್ಲಿ ಕೆಂಡದಂತೆ ಹೊಳೆಯುತ್ತಿದ್ದ ವಾಲ್ವುಗಳನ್ನು ನೋಡಿದವರು ನಮ್ಮಲ್ಲಿ ಇನ್ನೂ ಇದ್ದಾರೆ. ಅವು ಕೆಲಸ ಮಾಡಬೇಕಾದರೆ ಕಾಯಲೇಬೇಕಾಗಿತ್ತು. ಜರ್ಮೇನಿಯಂ ಬಂದಾಗ ನ್ಯಾಯ ತಿರುವುಮುರುವಾಯಿತು. ಅದು ಬಿಸಿಯಾದಷ್ಟೂ ಹೆಚ್ಚು ವಿದ್ಯುತ್ತನ್ನು ಸೋರಗೊಡುತ್ತದೆ; ಸೋರಿದಷ್ಟೂ ಇನ್ನಷ್ಟು ಬಿಸಿಯಾಗುತ್ತದೆ; ಹೀಗೆ ಒಂದರ ಬಾಲವನ್ನು ಇನ್ನೊಂದು ಹಿಡಿದು ಕೊನೆಗೆ ಸುಟ್ಟುಹೋಗುವುದೂ ಉಂಟು. ಅದಕ್ಕಿಂತ ಹೆಚ್ಚು ತಾಪವನ್ನು ಸಹಿಸಬಲ್ಲದ್ದು ಸಿಲಿಕಾನ್. ಜರ್ಮೇನಿಯಂ ಹಿಂದೆ ಸರಿದು ಸಿಲಿಕಾನ್ ಮುಂದೆ ಬಂದುದಕ್ಕೆ ಇದೂ ಒಂದು ಮುಖ್ಯ ಕಾರಣ. ಆದರೂ ಸಹನೆಗೆ ಎಲ್ಲೆಯುಂಟು.

ಇನ್ನು, ಬಿಲ್ಲೆಗೆ ತನ್ನ ಬಿಸಿ ತಿಳಿಯುವುದು ಹೇಗೆ? ಅದರೊಳಗೆ ಪಾದರಸವಿಲ್ಲ. ಸಿಲಿಕಾನಿನ ಒಂದು ಸ್ವಭಾವವನ್ನೇ ಅಲ್ಲಿ ಮಾಪಕವಾಗಿ ಬಳಸಿಕೊಂಡಿದ್ದಾರೆ. ಸಿಲಿಕಾನ್ ಡಯೋಡಿನ ಮೂಲಕ ಒಂದೇ ಪ್ರಮಾಣದ ವಿದ್ಯುತ್ತನ್ನು ಹರಿಸುತ್ತಿದ್ದರೆ, ಅದರ ಎರಡು ತುದಿಗಳ ನಡುವಿನ ವೋಲ್ಟೇಜು ತಾಪ ಒಂದು ಡಿಗ್ರಿ ಏರಿದಂತೆಲ್ಲ ಸುಮಾರು ಎರಡು ಮಿಲಿವೋಲ್ಟಿನಷ್ಟು ಇಳಿಯುತ್ತದೆ. ಈ ಇಳಿತವನ್ನು ಅಳೆದರೆ ತಾಪ ತಿಳಿದಂತಾಯಿತು. ಇಂಟೆಲ್ ಪ್ರೊಸೆಸರುಗಳಲ್ಲಿ ಇನ್ನೂ ಒಂದು ವಿಶೇಷವಿದೆ. ಅವುಗಳ ಒಳಮಾಪಕ ಸೊನ್ನೆಯಿಂದ ಮೇಲಕ್ಕೆ ಎಣಿಸದೆ, ತನ್ನ ಗರಿಷ್ಠ ಮಿತಿಗೆ ಇನ್ನೆಷ್ಟು ಡಿಗ್ರಿ ಉಳಿದಿದೆ ಎಂದು ಕೆಳಕ್ಕೆ ಎಣಿಸುತ್ತದೆ. ಮಿತಿ 100 ಇದ್ದು, ಉಳಿದಿರುವುದು 40 ಎಂದಾದರೆ ತಾಪ 60. ಆದಕಾರಣ ಮಿತಿಯ ಹತ್ತಿರದ ಅಂಕಿಗಳು ಹೆಚ್ಚು ನಂಬಿಕೆಗೆ ಅರ್ಹ. ಗಣಕ ತಣ್ಣಗಿರುವಾಗಿನ ಅಂಕಿಗಳಲ್ಲಿ ಕೆಲವು ಡಿಗ್ರಿಗಳ ಹೆಚ್ಚುಕಡಿಮೆ ಇರಬಹುದು.

ಕೇಳುವ ವಿಧಾನಕ್ಕೆ ಬರೋಣ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಯೂನಿಕ್ಸ್ ವ್ಯವಸ್ಥೆಯನ್ನು ಕಟ್ಟತೊಡಗಿದರು. ಅದರ ಜಾಡಿನಲ್ಲೇ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸನ್ನು ಹೊರತಂದರು. ಸಾಧ್ಯವಾದದ್ದನ್ನೆಲ್ಲ ಒಂದು ಕಡತವೆಂದು ಭಾವಿಸಬೇಕೆಂಬುದು ಈ ಕುಲದ ಒಂದು ಹಳೆಯ ಸಂಪ್ರದಾಯ. ಕಡತವೆಂದರೆ ತೆರೆದು ಓದಬಹುದಾದದ್ದು. ಲಿನಕ್ಸಿನಲ್ಲಿ ಪ್ರೊಸೆಸರಿನ ತಾಪವೂ ಒಂದೇ ಸಾಲಿನ ಒಂದು ಕಡತ. ಓದುವುದನ್ನೇ ಕಸುಬಾಗಿ ಮಾಡಿಕೊಂಡು ಬಂದ ನನ್ನಂಥವನಿಗೆ ಇದು ಬಹಳ ಹಿಡಿಸಿತು.

ಗಣಕದಲ್ಲಿ ಟರ್ಮಿನಲ್ ಎಂಬ ಕಿಟಕಿಯನ್ನು ತೆರೆಯಬೇಕು. ಅಲ್ಲಿ ಚಿತ್ರಗಳಿಲ್ಲ, ಗುಂಡಿಗಳಿಲ್ಲ. ನಾವು ಒಂದು ಸಾಲು ಬರೆದರೆ ಯಂತ್ರ ಒಂದು ಸಾಲು ಬರೆಯುತ್ತದೆ. ಅಲ್ಲಿ ‘ಕ್ಯಾಟ್’ ಎಂದು ಸಿ, ಎ, ಟಿ ಅಕ್ಷರಗಳನ್ನು ಬರೆದು, ಒಂದು ಜಾಗ ಬಿಟ್ಟು, ಕಡತದ ವಿಳಾಸವನ್ನು ಕೊಡಬೇಕು: ಸ್ಲ್ಯಾಶ್ ಎಂಬ ಓರೆಗೆರೆ, ಸಿಸ್, ಓರೆಗೆರೆ, ಕ್ಲಾಸ್, ಓರೆಗೆರೆ, ಥರ್ಮಲ್, ಓರೆಗೆರೆ, ಥರ್ಮಲ್ ಅಂಡರ್‌ಸ್ಕೋರ್ ಝೋನ್ ಸೊನ್ನೆ, ಓರೆಗೆರೆ, ಟೆಂಪ್. ‘ಸಿಸ್’ ಎಂಬಲ್ಲಿ ಎಸ್, ವೈ, ಎಸ್. ‘ಟೆಂಪ್’ ಎಂಬಲ್ಲಿ ಟಿ, ಇ, ಎಂ, ಪಿ. ಸೊನ್ನೆಯನ್ನು ಅಂಕಿಯಲ್ಲೇ ಬರೆಯಬೇಕು. ಎಲ್ಲವೂ ಇಂಗ್ಲಿಷಿನ ಚಿಕ್ಕಕ್ಷರಗಳಾಗಿರಬೇಕು. ನಮ್ಮಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳು ಬೇರೆಯಾದರೆ ಶಬ್ದವೇ ಬೇರೆಯಾಗುವಂತೆ, ಅಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳು ಬೇರೆಯಾದರೆ ಕಡತವೇ ಬೇರೆಯಾಗುತ್ತದೆ.

ನಾನು ಹೀಗೆ ಬರೆದು ಎಂಟರ್ ಒತ್ತಿದಾಗ ಬಂದ ಉತ್ತರ 58000. ಒಂದು ಕ್ಷಣ ಎದೆ ಝಲ್ಲೆಂದಿತು. ಸೂರ್ಯನ ಮೇಲ್ಮೈಯ ತಾಪವೇ ಸುಮಾರು 5,500 ಡಿಗ್ರಿ ಎಂದು ಓದಿದ್ದೆ! ಆ ಕಡತ ಡಿಗ್ರಿಯ ಸಾವಿರದ ಒಂದನೆಯ ಭಾಗಗಳಲ್ಲಿ ಲೆಕ್ಕ ಕೊಡುತ್ತದೆಂದು ತಿಳಿದ ಮೇಲೆ ಸಮಾಧಾನವಾಯಿತು. ಸಾವಿರದಿಂದ ಭಾಗಿಸಿದರೆ 58 ಡಿಗ್ರಿ ಸೆಲ್ಸಿಯಸ್.

ಇಲ್ಲಿ ಎಚ್ಚರಿಕೆಯ ಒಂದು ಮಾತು. ಸೊನ್ನೆಯ ಸಂಖ್ಯೆಯ ವಲಯವೇ ಎಲ್ಲ ಗಣಕಗಳಲ್ಲೂ ಪ್ರೊಸೆಸರಿನದಾಗಿರಬೇಕೆಂದಿಲ್ಲ. ಒಂದು, ಎರಡು ಎಂದು ಬೇರೆ ವಲಯಗಳೂ ಇರುತ್ತವೆ; ಕೆಲವು ಹಲಗೆಯ ಬೇರೆ ಭಾಗದ ತಾಪವನ್ನು ಹೇಳುತ್ತವೆ; ಕೆಲವು ಏನೇ ಆದರೂ ಒಂದೇ ಅಂಕಿಯನ್ನು ಹೇಳುತ್ತ ಕೂರುತ್ತವೆ. ಅದೇ ವಿಳಾಸದಲ್ಲಿ ‘ಟೆಂಪ್’ ಎಂಬುದರ ಬದಲು ‘ಟೈಪ್’ ಎಂದು ಟಿ, ವೈ, ಪಿ, ಇ ಬರೆದರೆ ಆ ವಲಯ ಯಾವುದರದೆಂದು ತಿಳಿಯುತ್ತದೆ. ಉತ್ತರವನ್ನು ನಂಬುವ ಮೊದಲು ಉತ್ತರ ಕೊಡುತ್ತಿರುವವರು ಯಾರೆಂದು ವಿಚಾರಿಸುವುದು ಒಳ್ಳೆಯ ಪದ್ಧತಿ. ಹಸ್ತಪ್ರತಿಗಳ ವಿಷಯದಲ್ಲಿ ನಾವು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದುದೂ ಇದನ್ನೇ.

ಇದಕ್ಕಿಂತ ಅನುಕೂಲವಾದ ಇನ್ನೊಂದು ದಾರಿಯಿದೆ. ‘ಎಲ್‌ಎಂ-ಸೆನ್ಸರ್ಸ್’ ಎಂಬ ಉಪಕರಣವನ್ನು ಸ್ಥಾಪಿಸಿಕೊಂಡು, ಮೊದಲು ಒಮ್ಮೆ ‘ಸೆನ್ಸರ್ಸ್-ಡಿಟೆಕ್ಟ್’ ಎಂಬ ಆದೇಶವನ್ನು ಯಂತ್ರದ ಒಡೆತನದ ಅಧಿಕಾರದಿಂದ ನಡೆಸಬೇಕು. ಗಣಕದಲ್ಲಿ ಎಲ್ಲೆಲ್ಲಿ ಮಾಪಕಗಳಿವೆಯೆಂದು ಅದು ಹುಡುಕಿ ಗುರುತಿಸುತ್ತದೆ. ಅಲ್ಲಿಂದ ಮುಂದೆ ‘ಸೆನ್ಸರ್ಸ್’ ಎಂಬ ಒಂದೇ ಮಾತು ಸಾಕು. ಪ್ರೊಸೆಸರಿನ ಒಟ್ಟು ತಾಪ, ಅದರ ಒಂದೊಂದು ತಿರುಳಿನ ಬೇರೆಬೇರೆ ತಾಪ, ಪಕ್ಕದಲ್ಲೇ ಅಪಾಯದ ಮಿತಿ, ಎಷ್ಟೋ ಯಂತ್ರಗಳಲ್ಲಿ ಫ್ಯಾನಿನ ಸುತ್ತುಗಳ ಸಂಖ್ಯೆ ಸಹ ಸಾಲಾಗಿ ಬರುತ್ತವೆ. ಅದರ ಹಿಂದೆ ‘ವಾಚ್’ ಎಂಬ ಮಾತನ್ನು ಸೇರಿಸಿ, ‘ವಾಚ್ ಸೆನ್ಸರ್ಸ್’ ಎಂದು ಬರೆದರೆ ಎರಡೆರಡು ಸೆಕೆಂಡಿಗೊಮ್ಮೆ ಅಂಕಿಗಳು ತಾವಾಗಿಯೇ ಹೊಸದಾಗುತ್ತಿರುತ್ತವೆ. ಯೂನಿಕ್ಸ್ ಕುಲದ ಇತರ ಮನೆಗಳಲ್ಲಿ ಮಾತು ಸ್ವಲ್ಪ ಬೇರೆ. ಫ್ರೀಬಿಎಸ್‌ಡಿಯಲ್ಲಿಯೂ ಓಪನ್‌ಬಿಎಸ್‌ಡಿಯಲ್ಲಿಯೂ ‘ಸಿಸ್‌ಸಿಟಿಎಲ್’ ಎಂಬ ಆದೇಶದ ಮೂಲಕ ಇದೇ ಪ್ರಶ್ನೆಯನ್ನು ಕೇಳುತ್ತಾರೆ.

ಅಂಕಿ ಕೈಗೆ ಬಂತು, ಅದರ ಅರ್ಥವೇನು? ಮನುಷ್ಯನ ಮೈಗೆ 37 ಡಿಗ್ರಿ ಸಹಜವೆಂಬಂತೆ ಗಣಕಕ್ಕೆ ಒಂದೇ ಸಹಜಸ್ಥಿತಿ ಇಲ್ಲ. ಅದು ಸುಮ್ಮನಿರುವಾಗ 40ರಿಂದ 50, ದುಡಿಯುವಾಗ 70ರಿಂದ 85 ಇದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಹೊರಗಿನ ಗಾಳಿಯ ತಾಪವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಫ್ಯಾನು ಎಷ್ಟೇ ಬೀಸಿದರೂ ಬಿಲ್ಲೆಯನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಬೆಂಗಳೂರಿನ ಡಿಸೆಂಬರ್ ತಿಂಗಳಲ್ಲಿ 22 ಡಿಗ್ರಿಯ ಕೋಣೆಯಲ್ಲಿದ್ದ ಯಂತ್ರವೇ ಏಪ್ರಿಲ್ ತಿಂಗಳಲ್ಲಿ 34 ಡಿಗ್ರಿಯ ಕೋಣೆಯಲ್ಲಿದ್ದರೆ, ಅದರ ಅಂಕಿಯೂ ಸುಮಾರು ಅಷ್ಟೇ ಏರುತ್ತದೆ. 2016ರ ಏಪ್ರಿಲ್ 24ರಂದು ನಮ್ಮ ಊರಿನಲ್ಲಿ 39.2 ಡಿಗ್ರಿ ದಾಖಲಾಗಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಹತ್ತರಲ್ಲಿ ಒಂದು ಪಾಲಿನಷ್ಟು ತೆಳು. ಶಾಖವನ್ನು ಹೊತ್ತೊಯ್ಯುವ ಅದರ ಶಕ್ತಿಯೂ ಅಷ್ಟು ಕಡಿಮೆ.

ಮಿತಿ ಹತ್ತಿರವಾದಾಗ ಪ್ರೊಸೆಸರ್ ಮೊದಲು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಬಿಸಿಲಿನಲ್ಲಿ ದಾರಿ ನಡೆಯುವವನು ಹೆಜ್ಜೆಯನ್ನು ಸಾವಕಾಶ ಮಾಡುವಂತೆ ಅದು. ಗಣಕ ಮಧ್ಯಾಹ್ನದ ಹೊತ್ತಿನಲ್ಲಿ ಮಂದವಾಯಿತೆಂದು ನಾವು ದೂರುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಅಷ್ಟಕ್ಕೂ ಕಾವು ಇಳಿಯದಿದ್ದರೆ, ಸುಟ್ಟುಹೋಗುವುದಕ್ಕಿಂತ ಆರಿಹೋಗುವುದು ಲೇಸೆಂದು ವ್ಯವಸ್ಥೆ ತಾನಾಗಿ ನಿಂತುಬಿಡುತ್ತದೆ. ನಾನು ಕೇಡೆಂದು ತಿಳಿದಿದ್ದದ್ದು ನಿಜವಾಗಿ ಯಂತ್ರ ತನ್ನನ್ನು ಕಾಪಾಡಿಕೊಂಡ ಬಗೆಯಾಗಿತ್ತು.

ನಾನು ‘ವಾಚ್ ಸೆನ್ಸರ್ಸ್’ ಎಂದು ಬರೆದು ಪಕ್ಕದಲ್ಲಿ ಒಂದು ನೋಟುಪುಸ್ತಕವನ್ನಿಟ್ಟುಕೊಂಡು ಕುಳಿತೆ. ಸುಮ್ಮನಿರುವಾಗ 58. ಸದ್ದು ತೆಗೆಯುವ ಕೆಲಸವನ್ನು ಕೊಟ್ಟೊಡನೆ 80. ನಾಲ್ಕು ನಿಮಿಷದಲ್ಲಿ 97. ಕೂಡಲೇ ಕೆಲಸವನ್ನು ನಿಲ್ಲಿಸಿದೆ. ಅಂಕಿ ಇಳಿಯುವುದಕ್ಕೆ ಹಿಡಿದ ಹೊತ್ತು ಬಹಳ. ಫ್ಯಾನು ಭರ್ರೆಂದು ತಿರುಗುತ್ತಿತ್ತು; ಆದರೆ ಬದಿಯ ಕಿಂಡಿಗೆ ಕೈ ಒಡ್ಡಿದರೆ ಗಾಳಿಯೇ ಹೊರಬರುತ್ತಿರಲಿಲ್ಲ. ವ್ಯವಸ್ಥೆ ತನ್ನ ದಿನಚರಿಯನ್ನೂ ಬರೆದಿಡುತ್ತದೆಂದು ವಿದ್ಯಾರ್ಥಿ ಹೇಳಿದ್ದ. ‘ಜರ್ನಲ್‌ಸಿಟಿಎಲ್’ ಎಂಬ ಆದೇಶದಿಂದ ಅದನ್ನು ತೆರೆದು ನೋಡಿದೆ. ಯಂತ್ರ ಆರಿಹೋದ ಆ ಮಧ್ಯಾಹ್ನದ ಪುಟದಲ್ಲಿ, ತಾಪ ಮಿತಿಯನ್ನು ಮೀರಿದ್ದರಿಂದ ವೇಗವನ್ನು ತಗ್ಗಿಸಲಾಗಿದೆ ಎಂಬ ಅರ್ಥದ ಸಾಲು ಮತ್ತೆ ಮತ್ತೆ ಬಂದಿತ್ತು. ಅದು ಹೇಳುತ್ತಲೇ ಇತ್ತು, ಓದುವವರು ಇರಲಿಲ್ಲ.

ಈ ಅಂಕಿಗಳ ಚೀಟಿಯನ್ನು ಹಿಡಿದು ಮತ್ತೆ ಅದೇ ದುರಸ್ತಿಯವರಲ್ಲಿಗೆ ಹೋದೆ. ಈ ಸಲ ಮಾತುಕತೆಯ ಧಾಟಿಯೇ ಬದಲಾಯಿತು. ಅವರು ಚೀಟಿಯನ್ನು ನೋಡಿ, “ಹಾಗಿದ್ರೆ ಬಿಚ್ಚಿ ನೋಡೋಣ ಬಿಡಿ ಸಾರ್,” ಎಂದು ತಳದ ತಿರುಪುಗಳನ್ನು ಕಳಚಿದರು. ಫ್ಯಾನಿಗೂ ಜಾಲರಿಗೂ ನಡುವೆ ಕಂಬಳಿಯ ತುಂಡಿನಂತೆ ದೂಳು ಹೆಪ್ಪುಗಟ್ಟಿತ್ತು. ನಾನಿರುವುದು ಹೆಬ್ಬಾಳದ ಸಮೀಪ. ರಸ್ತೆ, ಸೇತುವೆ, ಮೆಟ್ರೋ ಎಂದು ವರ್ಷಗಟ್ಟಲೆ ನಡೆದ ಕಾಮಗಾರಿಗಳ ದೂಳು ನಮ್ಮ ಮನೆಯ ಪುಸ್ತಕಗಳ ಮೇಲೆಲ್ಲ ಕೂರುತ್ತದೆ. ಪುಸ್ತಕಗಳನ್ನು ಒರೆಸುತ್ತಿದ್ದೆನೇ ಹೊರತು ಗಣಕವೂ ಅದೇ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆಂಬುದು ನನಗೆ ಹೊಳೆದಿರಲಿಲ್ಲ. ಅವರು ದೂಳನ್ನು ತೆಗೆದು, ಬಿಲ್ಲೆಗೂ ತಾಮ್ರಕ್ಕೂ ನಡುವೆ ಒಣಗಿಹೋಗಿದ್ದ ಲೇಪವನ್ನು ಒರೆಸಿ ಹೊಸದನ್ನು ಹಚ್ಚಿದರು. ಮನೆಗೆ ಬಂದು ಮತ್ತೆ ಕೇಳಿದೆ. ಸುಮ್ಮನಿರುವಾಗ 46, ಗಂಟೆಗಟ್ಟಲೆ ದುಡಿದಾಗ 74. ಹೊಸ ಯಂತ್ರದ ಮಾತು ಅಲ್ಲಿಗೇ ನಿಂತಿತು.

ನನ್ನ ಈ ಸಣ್ಣ ಪ್ರಶ್ನೆ ಸಣ್ಣ ಯಂತ್ರಗಳಿಗಷ್ಟೇ ಸಲ್ಲುವುದೆಂದು ಭಾವಿಸಬಾರದು. ಯಶವಂತಪುರದ ಮಗ್ಗುಲಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ‘ಪರಮ್ ಪ್ರವೇಗ’ ಎಂಬ ಮಹಾಗಣಕ ಕಾರ್ಯಾರಂಭ ಮಾಡಿತು. ಅದರ ಗರಿಷ್ಠ ಸಾಮರ್ಥ್ಯ 3.3 ಪೆಟಾಫ್ಲಾಪ್, ಎಂದರೆ ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕಗಳು. ಜಗತ್ತಿನ ಅತಿ ವೇಗದ 500 ಮಹಾಗಣಕಗಳ ಪಟ್ಟಿಯಲ್ಲಿರುವ ಯಂತ್ರಗಳೆಲ್ಲವೂ 2017ರ ನವೆಂಬರಿನಿಂದ ಈಚೆಗೆ ಲಿನಕ್ಸನ್ನೇ ನಡೆಸುತ್ತಿವೆ. ಅಂಥ ಯಂತ್ರಗಳಲ್ಲಿ ಸಾವಿರಾರು ಪ್ರೊಸೆಸರುಗಳು ಒಟ್ಟಿಗೆ ದುಡಿಯುವಾಗ ಎಷ್ಟೋ ಕಡೆ ಗಾಳಿ ಸಾಲದೆ ನೀರನ್ನು ಹರಿಸಿ ತಂಪುಗೊಳಿಸುತ್ತಾರೆ. ಅಲ್ಲಿಯೂ ಹಗಲಿರುಳು ಕೇಳುತ್ತಿರಬೇಕಾದ ಪ್ರಶ್ನೆ ಇದೇ: ಈಗ ಎಷ್ಟು ಬಿಸಿ?

ಒಂದು ಅಭ್ಯಾಸವನ್ನು ಕೇಳುಗರಿಗೆ ಸೂಚಿಸಿ ಮುಗಿಸುತ್ತೇನೆ. ಗಣಕ ಆರೋಗ್ಯವಾಗಿರುವಾಗಲೇ ತಿಂಗಳಿಗೊಮ್ಮೆ ಅದರ ತಾಪವನ್ನು ಕೇಳಿ ಬರೆದಿಡಿ. ಸುಮ್ಮನಿರುವಾಗ ಎಷ್ಟು, ದುಡಿಯುವಾಗ ಎಷ್ಟು, ಆ ದಿನದ ಕೋಣೆಯ ತಾಪವೆಷ್ಟು ಎಂಬ ಮೂರು ಅಂಕಿಗಳು ಸಾಕು. ಜ್ವರ ಬಂದ ದಿನ ಒಂದೇ ಒಂದು ಅಂಕಿಯನ್ನು ಹಿಡಿದುಕೊಂಡು ಏನೂ ನಿರ್ಧರಿಸಲಾಗದು. ಹಿಂದಿನ ಅಂಕಿಗಳ ಪಕ್ಕದಲ್ಲಿಟ್ಟಾಗ ಅದು ಮಾತನಾಡುತ್ತದೆ. ನಾನು ಮೊದಲೇ ಹಾಗೆ ಬರೆದಿಟ್ಟಿದ್ದರೆ 46 ಇದ್ದದ್ದು 58 ಆಗುತ್ತ ಬಂದದ್ದು ಕಣ್ಣಿಗೆ ಬೀಳುತ್ತಿತ್ತು. ಆ ಮಧ್ಯಾಹ್ನದ ನಷ್ಟವೂ ಆಗುತ್ತಿರಲಿಲ್ಲ.

ಆ ಕ್ಯಾಸೆಟ್ಟು ಏನಾಯಿತೆಂದು ತಾವು ಕೇಳಬಹುದು. ಒಂದು ವಾರ ಧೈರ್ಯ ಸಾಲಲಿಲ್ಲ. ಕೊನೆಗೆ ಒಂದು ಬೆಳಗಿನ ತಂಪಿನಲ್ಲಿ, ಬೇರೆ ಯಾವ ಕೆಲಸವನ್ನೂ ಗಣಕಕ್ಕೆ ಕೊಡದೆ, ಅಂಕಿಯ ಮೇಲೆ ಕಣ್ಣಿಟ್ಟು ಸುರುಳಿಯನ್ನು ಎರಡನೆಯ ಸಲ ತಿರುಗಿಸಿದೆ. ಎರಡು ಕಡೆ ಲೇಪ ಉದುರಿ ಧ್ವನಿ ಕಡಿದುಹೋಯಿತು, ಉಳಿದದ್ದೆಲ್ಲ ಬಂತು. ಕೊನೆಯಲ್ಲಿ, ಪದ ಮುಗಿಸಿದ ಜಕ್ಕೂರಿನ ಆ ಅಜ್ಜಿ, ನಲವತ್ತು ವರ್ಷಗಳ ಹಿಂದಿನ ನನ್ನನ್ನು, “ಬಿಸಿಲಲ್ಲಿ ಬಂದಿದೀಯ ಮಗ, ಒಂದೀಟು ಮಜ್ಜಿಗೆ ಕುಡಿ,” ಎಂದು ಕರೆಯುವುದು ಕೇಳಿಸಿತು. ಪರದೆಯ ಮೇಲೆ ಅಂಕಿ 51 ಇತ್ತು.